ತಿಂಡಿ ಕಪಾಟಿನ ಪಾರಿವಾಳಗಳು

ಕಳೆದ ವಾರ ಆಫೀಸು ಬಿಟ್ಟು ಠಾಣೆ ಸ್ಟೇಷನ್ನಿನ ಕಡೆ ನಡೆಯುತ್ತಿದ್ದವಳು ಅವಲಕ್ಕಿ ಕೊಳ್ಳೋಣವೆಂದು ನೌಪಾಡಾದ ಒಂದು ಹಳೆಯ ಕಿರಾಣಿ ಅಂಗಡಿಗೆ ಹೊಕ್ಕೆ. ಬಾಗಿಲ ಬಳಿ ಮೂರು ಮೂಟೆಗಳು ಬಾಯಿ ತೆರೆದುಕೊಂಡು ನಿಂತಿದ್ದವು: ಸಜ್ಜೆ, ಮುಸುಕಿನ ಜೋಳ, ಒಣ ಬಟಾಣಿ. ಅಂಗಡಿಯಾತ ಮೂರನ್ನೂ ಒಂದು ಬೋಗುಣಿಗೆ ಸುರಿದು ಕೈಯಿಂದ ಕಲಸುತ್ತಿದ್ದ. ಆ ಧೂಳಿನ ವಾಸನೆ ಮೂಗಿಗೆ ಬಿದ್ದದ್ದೇ ತಡ, ಅವಲಕ್ಕಿ ಮರೆತುಹೋಯಿತು. ಕೆಲವರಿಗೆ ಮಲ್ಲಿಗೆಯ ಪರಿಮಳಕ್ಕೆ ತವರು ನೆನಪಾಗುತ್ತದಂತೆ. ನಾನು ಮೈಸೂರಿನವಳು, ನನಗೂ ಹಾಗೆಯೇ ಆಗಬೇಕಾಗಿತ್ತು. ಆದರೆ ನನಗೆ ತವರು ನೆನಪಾಗುವುದಿಲ್ಲ. ಬಟಾಣಿಯ ಧೂಳಿಗೆ ಅತ್ತೆ ನೆನಪಾಗುತ್ತಾರೆ, ಕಲ್ಯಾಣದ ಹಿತ್ತಲು ನೆನಪಾಗುತ್ತದೆ, ಬೆಳಗಿನ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಮಡಿಲ ಮೇಲೆ ಪಾರಿವಾಳದ ಬುಟ್ಟಿ ಇಟ್ಟುಕೊಂಡು ಏನೂ ಅರಿಯದವಳಂತೆ ಕಿಟಕಿಯಾಚೆ ನೋಡುತ್ತಿದ್ದ ನಾನೂ ನೆನಪಾಗುತ್ತೇನೆ.

ಮೊದಲು ಅತ್ತೆಯ ವಿಷಯ ಹೇಳಿಬಿಡುತ್ತೇನೆ. ಅವರು ಉಡುಪಿ ಕಡೆಯವರು. ಮದುವೆಯಾಗಿ ಬಂದಾಗಿನಿಂದ ಕಲ್ಯಾಣದಲ್ಲೇ ಇದ್ದರು. ಮಾವನವರಿಗೆ ಸ್ಟೇಷನ್ನಿನ ಹತ್ತಿರ ಹತ್ತು ಮೇಜಿನ ಒಂದು ಹೋಟೆಲು. ಮಾವ ಗಲ್ಲಾದ ಮೇಲೆ, ಅತ್ತೆ ಹಿಂದಿನ ಅಡುಗೆಮನೆಯಲ್ಲಿ. ಮೂವತ್ತು ವರ್ಷ ಅವರ ಸಂಸಾರ ನಡೆದದ್ದು ಹಾಗೆ. ನಮ್ಮ ಮನೆ ಒಂದು ಬೈಠಿ ಚಾಳಿನ ಕೊನೆಯದು. ಸಾಲಾಗಿ ಅಂಟಿಕೊಂಡ ಹೆಂಚಿನ ಮನೆಗಳು, ಕೊನೆಯ ಮನೆಯಾದ್ದರಿಂದ ನಮಗೆ ಮಾತ್ರ ಒಂದು ಹಿತ್ತಲು, ಅದರಲ್ಲಿ ಒಂದು ನುಗ್ಗೆ ಮರ ಮತ್ತು ನೀರಿನ ಡ್ರಮ್ಮು. ಅತ್ತೆ ಮಗನೊಡನೆ ಆಡುತ್ತಿದ್ದದ್ದು ತುಳು. ನನ್ನೊಡನೆ ಕನ್ನಡ, ಅದೂ ಲೆಕ್ಕಕ್ಕೆ ತಕ್ಕಷ್ಟು. ಅವರ ‘ಎಂತ’ ಮತ್ತು ನನ್ನ ‘ಏನು’ ಒಂದೇ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಪರಸ್ಪರ ಮರ್ಯಾದೆ ಕೊಟ್ಟುಕೊಂಡು ಬದುಕಿದವು. ಜಗಳ ಒಂದು ದಿನವೂ ಆಗಲಿಲ್ಲ. ಜಗಳ ಆಡುವುದಕ್ಕೂ ಒಂದಿಷ್ಟು ಸಲಿಗೆ ಬೇಕಲ್ಲ. ಅವರು ನನ್ನನ್ನು ಹೆಸರು ಹಿಡಿದು ಕೂಗಿದ್ದೂ ನೆನಪಿಲ್ಲ. ‘ಇಲ್ಲಿ ಕೇಳು’ ಅನ್ನುವುದೇ ನನ್ನ ಹೆಸರಾಗಿತ್ತು.

ಮಾವ ತೀರಿಕೊಂಡ ಮೇಲೆ ಹೋಟೆಲು ಮುಚ್ಚಿತು. ಮೇಜು ಕುರ್ಚಿಗಳನ್ನು ಯಾರೋ ಒಯ್ದರು. ವಡೆ, ಮೈಸೂರುಪಾಕು, ಬನ್ಸು ಜೋಡಿಸಿಡುತ್ತಿದ್ದ ದೊಡ್ಡ ಗಾಜಿನ ತಿಂಡಿ ಕಪಾಟನ್ನು ಮಾತ್ರ ಅತ್ತೆ ಕೊಡಲಿಲ್ಲ. ಅದನ್ನು ಟೆಂಪೋದಲ್ಲಿ ಮನೆಗೆ ತಂದರೆ ಬಾಗಿಲಲ್ಲಿ ಹಿಡಿಸಲಿಲ್ಲ. ಹಿತ್ತಲಿನ ಶೀಟಿನ ಕೆಳಗೆ ನಿಲ್ಲಿಸಿದೆವು. ಅತ್ತೆ ದಿನವೂ ಅದರ ಎದುರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತುಕೊಳ್ಳುತ್ತಿದ್ದರು. ಅಳುತ್ತಿರಲಿಲ್ಲ, ಮಾತೂ ಇಲ್ಲ. ಆಫೀಸಿಗೆ ಹೊರಡುವಾಗ ಕುಳಿತವರು ನಾನು ಬಂದಾಗಲೂ ಅಲ್ಲೇ ಇರುತ್ತಿದ್ದರು. ನಾನು ಚಹಾ ಕೊಡುತ್ತಿದ್ದೆ, ಅವರು ಕುಡಿಯುತ್ತಿದ್ದರು. ಅದಕ್ಕಿಂತ ಹೆಚ್ಚಿನದು ನನಗೆ ಗೊತ್ತಿರಲಿಲ್ಲ.

ಮಳೆ ಹಿಡಿಯುವುದಕ್ಕೆ ನಾಲ್ಕು ದಿನ ಮೊದಲು, ಒಂದು ಭಾನುವಾರ ಮಧ್ಯಾಹ್ನ, ಆ ಕಪಾಟಿನ ನೆತ್ತಿಯ ಮೇಲೆ ಒಂದು ಪಾರಿವಾಳ ಬಂದು ಬಿತ್ತು. ಕುಳಿತಿತು ಅನ್ನಲಾರೆ, ಬಿದ್ದದ್ದೇ. ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಅತ್ತೆ ಎದ್ದು ಒಂದು ಬಟ್ಟಲಲ್ಲಿ ನೀರು, ಒಂದು ಹಿಡಿ ಕುಚ್ಚಲಕ್ಕಿ ತಂದಿಟ್ಟರು. ಅವರು ತಾವಾಗಿ ಎದ್ದು ಏನಾದರೂ ಮಾಡಿದ್ದು ತಿಂಗಳುಗಳ ಮೇಲೆ ಅದೇ ಮೊದಲು. ನಾನೂ ನನ್ನ ಗಂಡನೂ ಬಾಗಿಲ ಸಂದಿಯಿಂದ ಕಳ್ಳರ ಹಾಗೆ ನೋಡಿದೆವು.

ಪಕ್ಕದ ಮನೆಯ ದತ್ತೂ ಕಾಕಾ ರೈಲ್ವೆಯಿಂದ ನಿವೃತ್ತರು. ಅವರ ಅಂಗಳದಲ್ಲಿ ಮೂವತ್ತು ಪಾರಿವಾಳಗಳಿದ್ದವು. ಬೀದಿಯ ಪಾರಿವಾಳಗಳಲ್ಲ, ದೂರ ಒಯ್ದು ಬಿಟ್ಟರೆ ಮನೆಗೆ ಮರಳುವ ಪಂದ್ಯದ ಹಕ್ಕಿಗಳು. ಅವರು ಬಂದು ಹಕ್ಕಿಯ ರೆಕ್ಕೆ ಬಿಡಿಸಿದರು. ಗರಿಯ ಮೇಲೆ ರಬ್ಬರ್ ಸೀಲಿನಲ್ಲಿ ಒತ್ತಿದ ಒಂದು ಫೋನ್ ನಂಬರು. ಕಾಕಾ ಅಲ್ಲೇ ಫೋನು ಹಚ್ಚಿದರು. ಹಕ್ಕಿ ಪುಣೆಯದು, ಹೆಣ್ಣು. ಒಡೆಯ ಹೇಳಿದನಂತೆ: ದಾರಿ ತಪ್ಪುವ ಹಕ್ಕಿ ನನಗೆ ಬೇಡ, ನೀವೇ ಇಟ್ಟುಕೊಳ್ಳಿ.

ಇದನ್ನು ಕೇಳಿ ಅತ್ತೆಗೆ ಸಿಟ್ಟು ಬಂತು. “ಒಂದು ಸಲ ದಾರಿ ತಪ್ಪಿದ್ದಕ್ಕೆ ಮನೆಗೇ ಬೇಡವಾ? ಇದು ಎಂತ ನ್ಯಾಯ? ಇರ್ಲಿ ಇಲ್ಲಿ.”

ಕಾಕಾ ಅತ್ತಿಗೆ ಎಂದು ಕರೆದು, ತಮ್ಮದೇ ಮರಾಠಿ ಬೆರೆತ ಹಿಂದಿಯಲ್ಲಿ ತಿಳಿಸಿ ಹೇಳಿದರು. “ವಹಿನಿ, ಇವಳನ್ನು ಹಾರಬಿಡಬೇಡಿ. ಬಿಟ್ಟರೆ ಪುಣೆ ಹುಡುಕಿಕೊಂಡು ಹೋಗುತ್ತಾಳೆ. ಆದರೆ ಇವಳ ಮರಿಗಳು ಕಲ್ಯಾಣದವು. ಮೊದಲ ಸಲ ಆಕಾಶ ಯಾವ ಛಾವಣಿಯಿಂದ ನೋಡಿದವೋ ಅದೇ ಅವುಗಳ ಮನೆ.”

ಹೀಗೆ ಮಾವನವರ ತಿಂಡಿ ಕಪಾಟು ಗೂಡಾಯಿತು. ಗಾಜು ತೆಗೆದು ತಂತಿಯ ಜಾಲರಿ ಹೊಡೆದರು. ಮೈಸೂರುಪಾಕಿನ ಖಾನೆಯಲ್ಲಿ ಪುಣೆಯವಳು, ಕಾಕಾ ಕೊಟ್ಟ ಗಂಡೊಂದು ಅವಳ ಜೊತೆಗೆ. ಮಳೆಗಾಲ ಮುಗಿಯುವುದರೊಳಗೆ ಎರಡು ಮರಿ. ಬಿಳಿಯದಕ್ಕೆ ಅತ್ತೆ ಇಡ್ಲಿ ಎಂದು ಹೆಸರಿಟ್ಟರು, ಕಂದು ಬಣ್ಣದ್ದಕ್ಕೆ ಬನ್ಸ್ ಎಂದು. ಮೂವತ್ತು ವರ್ಷ ಹೋಟೆಲು ನಡೆಸಿದವರಿಗೆ ಬೇರೆ ಹೆಸರು ಹೊಳೆಯುವುದು ಕಷ್ಟ.

ಮರಿಗಳಿಗೆ ರೆಕ್ಕೆ ಬಲಿತ ಮೇಲೆ ಪಾಠ ಶುರುವಾಯಿತು. ಸಂಜೆ ಹಸಿದಿರುವಾಗ ಹೊರಗೆ ಬಿಡುವುದು, ತಗಡಿನ ಡಬ್ಬಿಯಲ್ಲಿ ಸಜ್ಜೆ, ಜೋಳ, ಬಟಾಣಿ ಬೆರೆಸಿದ ಕಾಳು ಅಲ್ಲಾಡಿಸಿ ಕರೆಯುವುದು. ಹಸಿದ ಹೊಟ್ಟೆಗೆ ಮನೆ ನೆನಪಾಗುತ್ತದೆ ಎಂದರು ಕಾಕಾ. ಡಬ್ಬಿಯ ಸದ್ದಿಗೆ ಎರಡೂ ನುಗ್ಗೆ ಮರದ ಮೇಲಿಂದ ಕಲ್ಲು ಎಸೆದ ಹಾಗೆ ಇಳಿದು ಬರುತ್ತಿದ್ದವು. ಆಮೇಲೆ ದೂರದ ಪಾಠ. ಒಂದೇ ದಿಕ್ಕಿಗೆ ಸ್ವಲ್ಪಸ್ವಲ್ಪವೇ ದೂರ ಒಯ್ದು ಬಿಡುತ್ತಾ ಹೋಗಬೇಕು. ಒಯ್ಯುವವರು ಯಾರು? ಕಾಕಾಗೆ ಮಂಡಿ ನೋವು. ನನ್ನ ಗಂಡ ತುರ್ಭೆಯ ಕಾರ್ಖಾನೆಗೆ ಹೋಗುತ್ತಿದ್ದದ್ದು ಕಂಪನಿ ಬಸ್ಸಿನಲ್ಲಿ. ಡ್ರೈವರು ಕೋಳಿ, ಪಾರಿವಾಳ ಹತ್ತಿಸುವುದಿಲ್ಲ ಎಂದುಬಿಟ್ಟ. ದಿನವೂ ಕಲ್ಯಾಣದಿಂದ ಠಾಣೆಗೆ, ಒಂದೇ ದಿಕ್ಕಿಗೆ, ತಪ್ಪದೆ ಹೋಗುವವಳು ಮನೆಯಲ್ಲಿ ಒಬ್ಬಳೇ ಇದ್ದಳು. ಎಲ್ಲರೂ ನನ್ನ ಕಡೆ ನೋಡಿದರು.

ನನಗೆ ಹಕ್ಕಿ ಮುಟ್ಟಲು ಹೆದರಿಕೆ. ಅದರ ಮೈ ಬಿಸಿ, ಒಳಗೆ ಏನೋ ಓಡುತ್ತಿರುವಂತಿರುತ್ತದೆ. ಆದರೆ ಹನ್ನೊಂದು ವರ್ಷದಲ್ಲಿ ಅತ್ತೆ ನನ್ನನ್ನು ಏನನ್ನೂ ಕೇಳಿದವರಲ್ಲ. ಅವರು ಮುಚ್ಚಳದ ಬೆತ್ತದ ಬುಟ್ಟಿ ನೀಡಿ, “ನೀನು ಮುಟ್ಟುದು ಬೇಡ. ಮುಚ್ಚಳ ತೆಗೆದ್ರೆ ಸಾಕು, ಅದೇ ಹೋಗ್ತದೆ” ಅಂದರು. ಹೂಂ ಅಂದೆ.

ಮೊದಲ ದಿನ ಠಾಕುರ್ಲಿ. ಒಂದೇ ಸ್ಟೇಷನ್ನು. ಪ್ಲಾಟ್‌ಫಾರಂ ತುದಿಗೆ ಹೋಗಿ ಮುಚ್ಚಳ ತೆಗೆದು ಕಣ್ಣು ಮುಚ್ಚಿಕೊಂಡೆ. ಫಟಫಟ ಸದ್ದು, ಮುಖಕ್ಕೆ ಗಾಳಿ. ಕಣ್ಣು ತೆರೆದಾಗ ಬುಟ್ಟಿ ಖಾಲಿ. ಮರುವಾರ ಡೊಂಬಿವಲಿ. ಅದಕ್ಕಾಗಿ ಒಂದು ಗಾಡಿ ಮೊದಲೇ ಹೊರಟು, ಅಲ್ಲಿ ಇಳಿದು, ಹಕ್ಕಿ ಬಿಟ್ಟು, ನನ್ನ ಮಾಮೂಲಿ ಲೋಕಲನ್ನು ಡೊಂಬಿವಲಿಯಲ್ಲಿ ಹತ್ತಬೇಕು. ಬೆಳಗ್ಗೆ ಎಂಟೂವರೆಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತುವುದು ಏನೆಂದು ಹತ್ತಿದವರಿಗೇ ಗೊತ್ತು. ಹಕ್ಕಿಗಳು ಮಾಡಿದ ಸಾಧನೆಯನ್ನು ಎಲ್ಲರೂ ಹೊಗಳಿದರು, ಖಾಲಿ ಬುಟ್ಟಿ ತಲೆಯ ಮೇಲೆ ಎತ್ತಿ ಹಿಡಿದು ಒಳಗೆ ತೂರಿಕೊಂಡ ನನ್ನ ಸಾಧನೆಯನ್ನು ಯಾರೂ ಕೇಳಲಿಲ್ಲ.

ಆ ದಿನ ಗಾಡಿ ದಿವಾ ದಾಟುವ ಮೊದಲೇ ಫೋನು ಬಂತು. ಅತ್ತೆಯದು. ಮಾವನವರ ಮೊಬೈಲನ್ನು ಅವರು ಅದುವರೆಗೆ ಮುಟ್ಟಿಯೂ ಇರಲಿಲ್ಲ.

“ಬಂತು ಮಾರಾಯ್ತಿ. ಎರಡೂ ಬಂತು. ನಾನು ಡಬ್ಬಿ ತೆಗೆಯುವ ಮೊದಲೇ ಕಪಾಟಿನ ಮೇಲೆ ಉಂಟು.”

ಮಾರಾಯ್ತಿ. ಕರಾವಳಿಯವರಿಗೆ ಅದು ದಿನಕ್ಕೆ ನೂರು ಸಲ ಬಾಯಿಗೆ ಬರುವ ಮಾತು, ನನಗೆ ಗೊತ್ತು. ಗೆಳತಿಯರಿಗೆ ಅನ್ನುತ್ತಾರೆ, ಅಕ್ಕತಂಗಿಯರಿಗೆ ಅನ್ನುತ್ತಾರೆ. ನನಗೆ ಅಂದದ್ದು ಮೊದಲ ಸಲ. ನಾಲ್ವರು ಹೆಂಗಸರ ನಡುವೆ ಒಂದೇ ಕಾಲಿನ ಮೇಲೆ ನಿಂತಿದ್ದ ನಾನು ಮುಂಬ್ರಾ ಬರುವವರೆಗೂ ನಗುತ್ತಲೇ ಇದ್ದೆ.

ರೈಲು ಡಬ್ಬಿಯ ಹೆಂಗಸರಿಗೆ ಗುಟ್ಟು ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ. ಠಾಣೆಯ ಪಾಠ ಶುರುವಾದ ಮೇಲೆ ಹಕ್ಕಿಗಳು ನನ್ನೊಡನೆ ದಾರಿಯುದ್ದಕ್ಕೂ ಬರುತ್ತಿದ್ದವು. ಒಮ್ಮೆ ಸಾಮಾನಿನ ಅಟ್ಟದ ಮೇಲಿಟ್ಟ ಬುಟ್ಟಿಯಿಂದ ಗುಟುರ್ ಗುಟುರ್ ಸದ್ದು ಬಂದಾಗ ಏಳೆಂಟು ಮಂದಿ ತಮ್ಮ ತಮ್ಮ ಪರ್ಸು ತೆರೆದು ಫೋನು ನೋಡಿಕೊಂಡರು. ಬಟಾಣಿ ಸುಲಿಯುತ್ತಾ ಕುಳಿತಿರುತ್ತಿದ್ದ ಸುನೀತಾ ಎಂಬಾಕೆ ಮಾತ್ರ ಮೇಲೆ ನೋಡಿ, ಆಮೇಲೆ ನನ್ನ ಮುಖ ನೋಡಿ, “ಜಿಂದಾ ಹೈ ಕ್ಯಾ?” ಎಂದು ಕೇಳಿದಳು. ಜೀವಂತ ಇದೆ ಎಂದು ಒಪ್ಪಿಕೊಂಡೆ. ಆ ಮೇಲೆ ಬುಟ್ಟಿಗೆ ಕಿಟಕಿಯ ಪಕ್ಕದ ಜಾಗ ಖಾಯಮ್ಮಾಯಿತು. ನನಗೆ ಅಲ್ಲ, ಬುಟ್ಟಿಗೆ.

ಠಾಣೆಯಲ್ಲಿ ನಾನು ಹಕ್ಕಿ ಬಿಡುತ್ತಿದ್ದದ್ದು ಆಫೀಸಿನ ತಾರಸಿಯಿಂದ. ಠಾಣೆಗೂ ಕಲ್ಯಾಣಕ್ಕೂ ನಡುವೆ ಪಾರ್ಸಿಕ್ ಗುಡ್ಡ ಅಡ್ಡ ಇದೆ. ಕಾಕಾ ಒಂದೇ ಒಂದು ನಿಯಮ ಹೇಳಿದ್ದರು. “ಸೂನ್‌ಬಾಯಿ, ಗುಡ್ಡದ ತಲೆ ಕಾಣಿಸಬೇಕು. ಕಾಣದಿದ್ದರೆ ಬುಟ್ಟಿ ವಾಪಸು ತರಬೇಕು.” ಅವರ ಬಾಯಲ್ಲಿ ನಾನು ಯಾವಾಗಲೂ ಸೊಸೆಯೇ. ನಿಯಮ ನಾನು ಆರು ಸಲ ಪಾಲಿಸಿದೆ. ಹಕ್ಕಿಗಳು ಇಪ್ಪತ್ತು, ಇಪ್ಪತ್ತೈದು ನಿಮಿಷದಲ್ಲಿ ಮನೆ ಸೇರುತ್ತಿದ್ದವು. ಸಂಜೆ ನನಗೆ ಅದೇ ದಾರಿಗೆ ಒಂದು ಗಂಟೆ ಬೇಕಾಗುತ್ತಿತ್ತು.

ಏಳನೆಯ ಸಲ, ಮೇ ತಿಂಗಳ ಕೊನೆಯಲ್ಲಿ, ಬನ್ಸ್ ಒಂದನ್ನೇ ತಂದಿದ್ದೆ. ಆಫೀಸಿನಲ್ಲಿ ಆಡಿಟ್ ನಡೆದಿತ್ತು, ಆಗಲೇ ತಡವಾಗಿತ್ತು. ತಾರಸಿ ಹತ್ತಿ ನೋಡಿದರೆ ಗುಡ್ಡದ ತಲೆಯ ಮೇಲೆ ಕಪ್ಪು ಮೋಡ ಕುಳಿತಿದೆ. ದಿನವಿಡೀ ಬುಟ್ಟಿಯನ್ನು ಮೇಜಿನ ಕೆಳಗೆ ಇಟ್ಟುಕೊಳ್ಳುವುದು ಹೇಗೆ? ಅದಕ್ಕೆ ದಾರಿ ಗೊತ್ತಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮುಚ್ಚಳ ತೆಗೆದೆ. ಬನ್ಸ್ ಎರಡು ಸುತ್ತು ಹೊಡೆದು ಮೋಡದ ಕಡೆಗೆ ಹೋಯಿತು. ಅರ್ಧ ಗಂಟೆಯಲ್ಲಿ ಮಳೆ ಬಂತು.

ಹನ್ನೊಂದಕ್ಕೆ ಅತ್ತೆಯ ಫೋನು. “ಬಿಟ್ಟಿದ್ದೀಯಾ?”

“ಬಿಟ್ಟೆ ಅತ್ತೆ. ಒಂಬತ್ತೂ ಮುಕ್ಕಾಲಿಗೆ.”

“ಗುಡ್ಡ ಕಾಣ್ತಿತ್ತಾ?”

“ಕಾಣ್ತಿತ್ತು.”

ಆ ಒಂದು ಮಾತು ಎಷ್ಟು ಸಲೀಸಾಗಿ ಬಂತೆಂದು ಇವತ್ತಿಗೂ ಆಶ್ಚರ್ಯವಾಗುತ್ತದೆ. ಸಂಜೆ ಮನೆಗೆ ಹೋದರೆ ಅತ್ತೆ ಸ್ಟೂಲಿನ ಮೇಲೆ ಕುಳಿತು ಆಕಾಶ ನೋಡುತ್ತಿದ್ದರು. ಮರುದಿನವೂ ಹಾಗೆಯೇ. ಹಿಂದಿನ ವರ್ಷದ ಆ ಮೌನದ ದಿನಗಳೇ ಮರಳಿ ಬಂದಂತಿತ್ತು. ಮೂರನೆಯ ದಿನ ಆಫೀಸಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಹಿತ್ತಲಿಗೆ ಹೋದೆ.

“ಅತ್ತೆ, ನಾನು ಸುಳ್ಳು ಹೇಳಿದೆ. ಗುಡ್ಡ ಕಾಣ್ತಿರಲಿಲ್ಲ. ಲೇಟಾಗಿತ್ತು ಅಂತ ಬಿಟ್ಟುಬಿಟ್ಟೆ.”

ಅವರು ನನ್ನ ಕಡೆ ತಿರುಗಿದರು. “ನನಗೆ ಗೊತ್ತುಂಟು. ಇಲ್ಲಿಯೂ ಅವತ್ತು ಮೋಡ ಇತ್ತಲ್ಲ, ನನಗೆ ಕಣ್ಣಿಲ್ವಾ?”

“ಮತ್ತೆ ನನ್ನ ಯಾಕೆ ಬೈಲಿಲ್ಲ?”

“ನೀನಾಗಿ ಹೇಳ್ತೀಯಾ ಅಂತ ನೋಡಿದೆ. ಹೇಳಿದೆ. ಆಯ್ತಲ್ಲ.” ಅವರು ಮುಂದುವರಿಸಿದರು. “ನಾನೂ ನಿನಗೊಂದು ಸುಳ್ಳು ಹೇಳಿದ್ದೇನೆ. ನೀನು ಮದುವೆಯಾಗಿ ಬಂದ ವಾರ ಬಿಸಿಬೇಳೆಬಾತ್ ಮಾಡಿದ್ದಿ. ಹೊಸ ಹುಡುಗಿ, ಬೇಜಾರಾಗ್ತದೆ ಅಂತ ಒಳ್ಳೆದಾಗಿದೆ ಅಂದೆ. ಆವತ್ತಿನಿಂದ ನೀನು ಪ್ರತಿ ಭಾನುವಾರ ಅದನ್ನೇ ಮಾಡ್ತಾ ಇದ್ದೀಯಾ. ಹನ್ನೆರಡು ವರ್ಷ ಆಯ್ತು ಮಾರಾಯ್ತಿ.”

ನಾನು ಅಳಲು ಬಂದವಳು. ನಗು ಬಂದುಬಿಟ್ಟಿತು. ಅತ್ತೆಯೂ ನಕ್ಕರು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮೈಯೆಲ್ಲ ಕುಲುಕಿಸಿಕೊಂಡು. ಆ ಸಂಜೆ ನಾವು ಹಿತ್ತಲಲ್ಲೇ ಕುಳಿತು ಮಾತಾಡಿದ್ದಕ್ಕೆ ಲೆಕ್ಕವಿಲ್ಲ. ಮಾವನವರು ಮೊದಲ ಸಲ ಹಿಟ್ಟು ಹುದುಗಿಸಲು ಹೋಗಿ ಪಾತ್ರೆ ಉಕ್ಕಿ ನೆಲವೆಲ್ಲ ಹರಿದ ಕತೆ, ಗಿರಾಕಿಗಳ ಕತೆ, ಕಪಾಟನ್ನು ಯಾಕೆ ಮಾರಲಿಲ್ಲ ಎಂಬ ಕತೆ. ದಿನಾ ಬೆಳಗ್ಗೆ ಐದಕ್ಕೆ ಮಾವ ಆ ಗಾಜನ್ನು ತಾವೇ ಒರೆಸುತ್ತಿದ್ದರಂತೆ, ಇನ್ನೊಬ್ಬರಿಗೆ ಬಿಡುತ್ತಿರಲಿಲ್ಲವಂತೆ. ಇದನ್ನು ಹೇಳುವಾಗ ಮಾತ್ರ ಅತ್ತೆಯ ಕಣ್ಣಲ್ಲಿ ನೀರು ಬಂತು. ಒಂದು ವರ್ಷದ ಮೇಲೆ ಬಂದ ನೀರು ಅದು. ನಾನು ಅವರ ಕೈ ಹಿಡಿದುಕೊಂಡೆ.

ನಾಲ್ಕನೆಯ ದಿನ ಶನಿವಾರ, ನನಗೆ ರಜೆ. ಬೆಳಗ್ಗೆ ಹತ್ತರ ಹೊತ್ತಿಗೆ ಗಲ್ಲಿಯ ಬಾಯಲ್ಲಿ ರಿಕ್ಷಾಗಳ ಹಾರ್ನು ಒಂದೇ ಸಮ ಶುರುವಾಗಿ, ಆಮೇಲೆ ಒಮ್ಮೆಗೇ ನಿಂತಿತು. ಹಾರ್ನು ನಿಂತದ್ದು ವಿಚಿತ್ರವೆನಿಸಿ ಹೊರಗೆ ಬಂದೆವು. ಗಲ್ಲಿಯ ನಟ್ಟನಡುವೆ ಬನ್ಸ್ ನಡೆದು ಬರುತ್ತಿತ್ತು. ಹೌದು, ನಡೆದು. ಎಡ ರೆಕ್ಕೆ ನೆಲಕ್ಕೆ ತಾಗುವಂತೆ ಜೋತುಬಿದ್ದಿದೆ, ಬಾಲದ ಗರಿ ಅರ್ಧ ಇಲ್ಲ, ಕೆಸರು ಮೆತ್ತಿದೆ. ಕತ್ತು ಮುಂದೆ ಹಿಂದೆ ಆಡಿಸುತ್ತಾ, ತಡವಾಗಿ ಆಫೀಸಿಗೆ ಬರುವ ಗುಮಾಸ್ತರ ಹಾಗೆ ಎದುರು ನೋಡಿಕೊಂಡು ಬರುತ್ತಿದೆ. ಹಿಂದೆ ಮೂರು ರಿಕ್ಷಾ ಇಂಜಿನ್ ಆರಿಸಿ ನಿಂತಿದ್ದವು. ಮುಂದಿನ ರಿಕ್ಷಾದವನು ಕೆಳಗಿಳಿದು, ಎರಡೂ ಕೈ ಅಗಲಿಸಿ, ನಾಯಿಗಳು ಹತ್ತಿರ ಬರದಂತೆ ಅದರ ಪಕ್ಕದಲ್ಲೇ ನಡೆಯುತ್ತಿದ್ದ.

ಯಾರೂ ಓಡಿಹೋಗಿ ಎತ್ತಿಕೊಳ್ಳಲಿಲ್ಲ. ಕಾಕಾ ಕೈ ಅಡ್ಡ ಹಿಡಿದಿದ್ದರು. “ಬರಲಿ. ಇಷ್ಟು ದೂರ ಬಂದಿದೆ, ಇನ್ನು ನಾಲ್ಕು ಹೆಜ್ಜೆ ತಾನೇ ಬರಲಿ.” ಬನ್ಸ್ ನಮ್ಮ ಮನೆಯ ಮಗ್ಗುಲ ಓಣಿಗೆ ತಿರುಗಿತು, ಹಿತ್ತಲಿಗೆ ಬಂತು, ಕಪಾಟಿನ ಬುಡದಲ್ಲಿ ನಿಂತು ತನ್ನ ಖಾನೆಯ ಕಡೆ ಕತ್ತೆತ್ತಿ ನೋಡಿತು. ಹಾರಲಾಗದು. ಆಗ ಅತ್ತೆ ಬಗ್ಗಿ ಎರಡೂ ಕೈಯಲ್ಲಿ ಎತ್ತಿ ಮೇಲೆ ಇಟ್ಟರು. “ಬಾ ಮಗಾ” ಅಂದರು. ಅಷ್ಟೇ.

ಗಿಡುಗ ಹೊಡೆದದ್ದೋ ಗಾಳಿಪಟದ ಮಾಂಜಾ ದಾರ ಕುಯ್ದದ್ದೋ, ಎಲ್ಲಿಯವರೆಗೆ ಹಾರಿತೋ ಎಲ್ಲಿಂದ ನಡೆಯಿತೋ, ನಮಗೆ ಗೊತ್ತಾಗಲೇ ಇಲ್ಲ. ಸೋಮವಾರ ಲೇಡೀಸ್ ಡಬ್ಬಿಯಲ್ಲಿ ಸುದ್ದಿ ಹೇಳಿದಾಗ ಸುನೀತಾ ಚೀಲದಿಂದ ಒಂದು ಹಿಡಿ ಬಟಾಣಿ ಕಾಳು ತೆಗೆದು ಕಾಗದದಲ್ಲಿ ಕಟ್ಟಿಕೊಟ್ಟಳು. ಬನ್ಸ್ ಬಾರದಿದ್ದ ದಿನಗಳಲ್ಲಿ ಅವಳೂ ಕೇಳುತ್ತಲೇ ಇದ್ದಳು. ಬನ್ಸ್ ಮತ್ತೆ ದೂರ ಹಾರಲಿಲ್ಲ. ಆದರೆ ಜೋಡಿ ಕಟ್ಟಿತು, ಮರಿ ಮಾಡಿತು, ಗುಟುರು ಹಾಕುತ್ತಾ ಬಹಳ ವರ್ಷ ಬಾಳಿತು. ಹಸಿದ ಹೊಟ್ಟೆಗೆ ಮನೆ ನೆನಪಾಗುತ್ತದೆ ಎಂದು ಕಾಕಾ ಹೇಳಿದ್ದು ಅರ್ಧ ನಿಜವಿರಬಹುದು. ಉಳಿದ ಅರ್ಧ ಏನೆಂದು ನಾನು ಕೇಳಲಿಲ್ಲ. ಕಾಮೋಠೆಯ ಸೆಕ್ಟರುಗಳಲ್ಲಿ ಇವತ್ತಿಗೂ ದಾರಿ ತಪ್ಪುವ ನಾನು ಇಂಥ ವಿಷಯದಲ್ಲಿ ಅಭಿಪ್ರಾಯ ಕೊಡದಿರುವುದೇ ವಾಸಿ.

ಕಾಮೋಠೆ ಅಂದೆನಲ್ಲ, ಈಗ ನಾವಿರುವುದು ಅಲ್ಲಿ. ಚಾಳು ಕೆಡವಿ ಕಟ್ಟಡ ಎಬ್ಬಿಸಿದರು. ನಾವು ಗಂಡನ ಕೆಲಸಕ್ಕೆ ಹತ್ತಿರವೆಂದು ಇಲ್ಲಿಗೆ ಬಂದೆವು. ಕಾಕಾ ಟಿಟ್ವಾಳಾದಲ್ಲಿ ಅಂಗಳವಿರುವ ಒಂದು ಚಿಕ್ಕ ಮನೆ ಹಿಡಿದರು. ನಮ್ಮ ಕಪಾಟನ್ನೂ ಹಕ್ಕಿಗಳನ್ನೂ ಒಯ್ದರು. ಹಳೆಯವನ್ನು ಹೊರಗೆ ಬಿಡುವಂತಿಲ್ಲ, ಬಿಟ್ಟರೆ ಕಲ್ಯಾಣದ ಆ ಗಲ್ಲಿಗೇ ಹೋಗುತ್ತವೆ. ಟಿಟ್ವಾಳಾದ ಆಕಾಶ ಅವುಗಳ ಮರಿಗಳಿಗೆ. ಎರಡು ವಾರಕ್ಕೊಮ್ಮೆ ಭಾನುವಾರ ನಾನೂ ಅತ್ತೆಯೂ ಹೋಗುತ್ತೇವೆ. ಎರಡು ಗಾಡಿ ಬದಲಿಸಬೇಕು. ದಾರಿಯುದ್ದಕ್ಕೂ ಮಾತಾಡುತ್ತೇವೆ, ಈಗೀಗ ಒಮ್ಮೊಮ್ಮೆ ಜಗಳವನ್ನೂ.

ನೌಪಾಡಾದ ಆ ಅಂಗಡಿಯ ಮರುದಿನವೇ ಕಾಕಾ ಫೋನು ಮಾಡಿದ್ದರು. ಬನ್ಸ್‌ನ ಮೊಮ್ಮಗಳು ಎರಡು ಮರಿ ಮಾಡಿದ್ದಾಳೆ, ಭಾನುವಾರಕ್ಕೆ ವಾರ ತುಂಬುತ್ತದೆ, ಕಾಲಿಗೆ ಉಂಗುರ ತೊಡಿಸಬೇಕು. ಪಂದ್ಯದ ಹಕ್ಕಿಗೆ ನಂಬರಿರುವ ಉಂಗುರವನ್ನು ಏಳೆಂಟು ದಿನದ ಮರಿಯಾಗಿದ್ದಾಗಲೇ ತೊಡಿಸಬೇಕು. ತಡವಾದರೆ ಕಾಲು ದಪ್ಪವಾಗಿ ಹಿಡಿಸುವುದಿಲ್ಲ. ಇದುವರೆಗೆ ಪ್ರತಿ ಸಲ ತೊಡಿಸುತ್ತಿದ್ದವರು ಅತ್ತೆ. ಈ ಭಾನುವಾರ ಅವರು ಮರಿಯನ್ನು ಕೈಗೆತ್ತಿಕೊಂಡು, ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದರು.

“ಬೆರಳು ಕಾಣುದಿಲ್ಲ ಮಾರಾಯ್ತಿ. ನೀನೇ ಹಾಕು.”

“ನಾನಾ?”

“ಮತ್ತೆ ಯಾರು? ಮೂರು ಬೆರಳು ಒಟ್ಟು ಮಾಡು, ಉಂಗುರದೊಳಗೆ ತೂರಿಸು. ಹಿಂದಿನ ಬೆರಳನ್ನು ಕಾಲಿಗೆ ಒತ್ತಿ ಹಿಡಿ. ಈಗ ಮೇಲೆ ತಗೊ. ಎಳೀಬೇಡ. ಹ್ಞಾಂ. ಈಗ ಆ ಒಂದು ಬೆರಳನ್ನು ಬಿಡಿಸು.”

ಅಂಗೈಯಲ್ಲಿ ಮರಿ ಬಿಸಿಯಾಗಿತ್ತು. ಹಳದಿ ಕೂದಲು, ಮೈಗಿಂತ ದೊಡ್ಡ ಕೊಕ್ಕು, ನೋಡಲು ಚೆಂದವೇನಲ್ಲ. ಎದೆ ನನ್ನ ಬೆರಳಿಗೆ ತಾಗಿ ಡವಡವ ಎನ್ನುತ್ತಿತ್ತು; ಅದರದ್ದೋ ನನ್ನದೋ ತಿಳಿಯಲಿಲ್ಲ. ಹಿಂದಿನ ಬೆರಳು ಹೊರಗೆ ಬಂದು ಉಂಗುರ ಸರಿಯಾಗಿ ಕೂತಿತು. ನಾನು ನಂಬರು ಓದಿ ಹೇಳಿದೆ, ಕಾಕಾ ವಹಿಯಲ್ಲಿ ಬರೆದುಕೊಂಡರು. ಅಷ್ಟರಲ್ಲಿ ಮರಿ ನನ್ನ ಅಂಗೈ ತುಂಬ ಹಿಕ್ಕೆ ಹಾಕಿತು.

ಅತ್ತೆಗೆ ಅದು ಕಾಣಿಸಲಿಲ್ಲ. ನನ್ನ ಮುಖ ಮಾತ್ರ ಕಂಡಿರಬೇಕು, ನಗತೊಡಗಿದರು. ಕಾಕಾ ನೀರಿನ ಚೊಂಬು ಮುಂದೆ ಮಾಡಿದರು. ಆಮೇಲೆ ತೊಳೆಯುತ್ತೇನೆ ಅಂದೆ. ಗೂಡಿನಲ್ಲಿ ಇನ್ನೊಂದು ಮರಿ ಇತ್ತು.